ನಾಗಲಿಂಗಪ್ಪನ ನಾಲ್ಕು ದಿನದ ಮೇಷ್ಟ್ರುಗಿರಿ

ಯಶವಂತಪುರ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿ ಸೀಟಿ ಹಾಕಿದ ಮೇಲೂ ಗಂಗಾದೇವಿಯ ಸೂಚನೆಗಳು ಮುಗಿದಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಹನ್ನೊಂದನೆಯ ಸಲ ಅದನ್ನೇ ಹೇಳುತ್ತಿದ್ದಳು.

"ದಿನಕ್ಕ ಒಂದೇ ವಸ್ತು ರೀ. ಸೋಮವಾರ ಸ್ಲೇಟು ಅಂದ್ರ ದಿನಾ ಪೂರ್ತಿ ಸ್ಲೇಟು. ಹುಡುಗೂರು ಅದನ್ನ ಮುಟ್ಟಬೇಕು, ಒರೆಸಬೇಕು, ಅದರ ಮ್ಯಾಲ ಒಂದು ಹಾಡು ಹಾಡಬೇಕು. ಅವಸರ ಮಾಡಬ್ಯಾಡ್ರಿ."

ಪ್ಲಾಟ್‌ಫಾರಂ ಮೇಲೆ ನಿಂತಿದ್ದ ನಾಗಲಿಂಗಪ್ಪ ಎದೆ ಉಬ್ಬಿಸಿ ನಕ್ಕ.

"ಗಂಗಾ, ಇಡೀ ಕಾರ್ಖಾನಿ ಪತ್ರ ಇಂಗ್ಲಿಷಿನಾಗ ಬರಿಯೋ ಮನಶ್ಯಾ ನಾನು. ಮದ್ರಾಸಿನವರು, ಮುಂಬೈದವರು ನನ್ನ ಪತ್ರಾ ಓದಿ ಸುಮ್ಮನಾಗ್ಯಾರ. ಟೇಬಲ್ಲು ಕುರ್ಚಿ ಕಲಿಸಾಕ ನನಗ ಹಾಡು ಬೇಕೇನು? ನೀ ಹೋಗಿ ಬರೋದ್ರಾಗ ಐದಲ್ಲ, ಐವತ್ತು ವಸ್ತು ಕಲಿಸಿರ್ತೀನಿ."

"ಐವತ್ತು ಬ್ಯಾಡ. ನಾ ಬರೋದ್ರಾಗ ಇದ್ದದ್ದು ಇದ್ದಂಗ ಇದ್ರ ಸಾಕು," ಅಂದಳು ಗಂಗಾದೇವಿ. ಗಾಡಿ ಹೊರಟಿತು.

ಇದು ಎಪ್ಪತ್ತೊಂಬತ್ತರ ಮಾತು. ನಾಗಲಿಂಗಪ್ಪ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಗಂಡ ಹೆಂಡತಿ ಇಬ್ಬರೂ ಬಾಗಲಕೋಟೆ ಕಡೆಯವರು. ಮತ್ತಿಕೆರೆಯಲ್ಲಿ ಬಾಡಿಗೆಗಿದ್ದ ಮನೆಯ ಮುಂದಿನ ಕೋಣೆಯಲ್ಲಿ ಗಂಗಾದೇವಿ ಮೂರು ತಿಂಗಳಿಂದ ಒಂದು ಇಂಗ್ಲಿಷ್ ನರ್ಸರಿ ಶಾಲೆ ನಡೆಸುತ್ತಿದ್ದಳು. ಹದಿನೆಂಟು ಮಕ್ಕಳು. ಕೋಣೆ ಎಷ್ಟು ಚಿಕ್ಕದೆಂದರೆ ಒಂದು ಮಗು ಸೀನಿದರೆ ಹದಿನೇಳು ಮಕ್ಕಳು ಮುಖ ಒರೆಸಿಕೊಳ್ಳಬೇಕು. ಮನೆಯ ಹಿಂದೆ ಮನೆ ಮಾಲೀಕ ಪಿಳ್ಳಪ್ಪನ ಒಂದು ಶೆಡ್ಡಿತ್ತು. ಹೊಲವೆಲ್ಲ ಸೈಟಾಗುವ ಮೊದಲು ಅದರಲ್ಲಿ ರಾಗಿ ಮೂಟೆ ಇಡುತ್ತಿದ್ದರು, ಈಗ ಖಾಲಿ. ಆ ಶೆಡ್ಡು ಸಿಕ್ಕರೆ ಶಾಲೆ ಶಾಲೆಯಂತೆ ಕಾಣುತ್ತದೆ, ಇನ್ನೂ ಮೂವತ್ತು ಮಕ್ಕಳನ್ನು ಸೇರಿಸಿಕೊಳ್ಳಬಹುದು ಎಂಬುದು ಗಂಗಾದೇವಿಯ ಆಸೆ. ಆದರೆ ಚಿಕ್ಕಮುನಿಯಪ್ಪ ಎಂಬ ಹಿಟ್ಟಿನ ಗಿರಣಿಯವನೂ ಅದರ ಮೇಲೆ ಕಣ್ಣಿಟ್ಟಿದ್ದ.

ಪಿಳ್ಳಪ್ಪ ಇಬ್ಬರಿಗೂ ನ್ಯಾಯವಾಗುವಂತೆ ಒಂದು ತೀರ್ಮಾನ ಹೇಳಿದ್ದ. "ನೋಡಮ್ಮಣ್ಣಿ, ನಮ್ ಕದಿರಪ್ಪ ನಿನ್ ತಾವ್ಕೆ ಬರಾಕ್ ಸುರು ಮಾಡಿ ಮೂರ್ ತಿಂಗ್ಳಾತು. ಸುಕ್ರವಾರ ಬಂದು ಕೇಳ್ತೀನಿ. ನನ್ ಮಗ ಐದ್ ಸಾಮಾನ್ನ ಇಂಗ್ಲೀಸ್ನಾಗೆ ಏಳಿದ್ರೆ ಶೆಡ್ಡು ನಿನ್ ಇಸ್ಕೂಲ್ಗೆ. ಇಲ್ದಿದ್ರೆ ಗಿರಣಿಯವನ್ಗೆ."

ತೊಂದರೆ ಇದ್ದದ್ದು ಕದಿರಪ್ಪನಲ್ಲೇ. ಐದು ವರ್ಷದ ಆ ಹುಡುಗ ಶಾಲೆಯೊಳಗೆ ಬಾಯಿ ಬಿಟ್ಟವನೇ ಅಲ್ಲ. ಎಲ್ಲರೂ ಹೇಳುವಾಗ ಎರಡು ಕಣ್ಣೂ ಅಗಲ ಮಾಡಿಕೊಂಡು ಕೇಳುತ್ತಾನೆ, ಅಷ್ಟೆ. ಅವನಿಗೆ ಎಲ್ಲವೂ ಗೊತ್ತಿದೆ, ಒಂದು ದಿನ ತಾನಾಗಿ ಹೇಳುತ್ತಾನೆ ಎಂದು ಗಂಗಾದೇವಿ ನಂಬಿದ್ದಳು. ಅಷ್ಟರಲ್ಲಿ ಊರಿನಲ್ಲಿ ತಂಗಿ ಸಂಗವ್ವನ ಮಗುವಿಗೆ ಹೆಸರಿಡುವ ಕಾರ್ಯ ಬಂತು. ಹೋಗದಿದ್ದರೆ ತಂಗಿ ಜನ್ಮವಿಡೀ ಅನ್ನುತ್ತಾಳೆ. ಗುರುವಾರ ಬೆಳಿಗ್ಗೆ ಬಂದುಬಿಡುತ್ತೇನೆ ಎಂದು ಹೊರಟಳು. ನಾಗಲಿಂಗಪ್ಪ ನಾಲ್ಕು ದಿನ ರಜೆ ಹಾಕಿದ.

ಸೋಮವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿ, ಅವನು ತರಗತಿಗೆ ಬಂದ. ಸ್ಲೇಟು ಎತ್ತಿ ಹಿಡಿದು ಗಂಭೀರವಾಗಿ ಕೇಳಿದ.

"ವಾಟ್ ಈಸ್ ದಿಸ್?"

"ವಾಟ್ ಈಸ್ ದಿಸ್," ಅಂದವು ಹದಿನೆಂಟು ಮಕ್ಕಳು. ಕದಿರಪ್ಪನನ್ನು ಬಿಟ್ಟರೆ ಹದಿನೇಳು.

"ನೀವು ಕೇಳಬಾರದು. ನಾ ಕೇಳ್ತೀನಿ, ನೀವು ಹೇಳಬೇಕು."

"ನೀವು ಕೇಳಬಾರದು. ನಾ ಕೇಳ್ತೀನಿ, ನೀವು ಹೇಳಬೇಕು."

"ಏ, ಸುಮ್ಮ ಕುಂದರ್ರಿ."

"ಏ, ಸುಮ್ಮ ಕುಂದರ್ರಿ."

ಅರ್ಧ ಗಂಟೆ ಹೀಗೆ ನಡೆಯಿತು. ಅವನು ಕೆಮ್ಮಿದರೂ ಮಕ್ಕಳು ಕೆಮ್ಮಿದವು. ಗಂಗಾದೇವಿಯ ಕಟ್ಟಪ್ಪಣೆ ಏನೆಂದರೆ ಹೊಸಬರು ಯಾರಾದರೂ ಬಂದು ಮಾತಾಡಿದರೆ ಅವರು ಹೇಳಿದ್ದನ್ನೇ ತಿರುಗಿ ಹೇಳಬೇಕು. ಅದನ್ನು ಮಕ್ಕಳು ತಪ್ಪದೆ ಪಾಲಿಸುತ್ತಿದ್ದವು. ಕಾಂಪೌಂಡಿನ ಆಚೆ ಬಿಸಿಲಿಗೆ ಕೂತಿದ್ದ ಪಿಳ್ಳಪ್ಪನ ತಾಯಿ ಮುನಿವೆಂಕಟಮ್ಮ ಕಿವಿಗೊಟ್ಟು ಕೇಳಿ, ಪಕ್ಕದವಳಿಗೆ ಹೆಮ್ಮೆಯಿಂದ ಹೇಳಿದಳು. "ಕೇಳ್ದಾ? ಸುಮ್ಮ ಕುಂದರ್ರಿ ಅಂತೆ. ಆ ಗಂಡಸು ಬಂದ ದಿವ್ಸವೇ ಇಂಗ್ಲೀಸ್ ಎಂಗೆ ಉದುರ್ತಾ ಐತೆ ನೋಡು."

ಹನ್ನೆರಡು ಗಂಟೆಗೆ ಮಕ್ಕಳು ಮನೆಗೆ ಹೋದಾಗ ನಾಗಲಿಂಗಪ್ಪನ ಗಂಟಲು ಕಟ್ಟಿತ್ತು. ಸ್ಲೇಟು ಇನ್ನೂ ಸ್ಲೇಟೇ ಆಗಿತ್ತು. ಆದರೂ ಅವನು ಸೋಲೊಪ್ಪುವ ಪೈಕಿಯಲ್ಲ. ಮಧ್ಯಾಹ್ನ ಚಟ್ನಿಪುಡಿ ಮೊಸರು ಕಲಸಿಕೊಂಡು ರೊಟ್ಟಿ ತಿನ್ನುತ್ತ ಯೋಚಿಸಿದ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಹೊಸ ಹುಡುಗರು ಸಾಮಾನಿನ ಹೆಸರು ಕಲಿಯುವುದು ಹೇಗೆ? ಹೆಸರು ಹೇಳಿ ಸಾಮಾನು ಕೊಡುತ್ತಾರೆ. ಅದಕ್ಕೆ ಇಶ್ಯೂ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಹೆಸರು ಹೇಳಿ ವಾಪಸ್ ತೆಗೆದುಕೊಳ್ಳುತ್ತಾರೆ. ಅದಕ್ಕೆ ರಿಸೀಟ್ ಎನ್ನುತ್ತಾರೆ. ಎಷ್ಟು ಸರಳ. ಮಂಗಳವಾರ ಇಶ್ಯೂ, ಬುಧವಾರ ರಿಸೀಟ್. ಹಾಡು ಹೇಳುವ ಗೋಜೇ ಇಲ್ಲ. ತನ್ನ ತಲೆಯ ಬಗ್ಗೆ ಅವನಿಗೇ ಗೌರವ ಬಂತು.

ಮಂಗಳವಾರ ಅವನು ಪ್ರಶ್ನೆ ಕೇಳುವುದನ್ನೇ ಬಿಟ್ಟ. ಪಂಕ್ಚರ್ ಅಂಗಡಿ ಮೊಹಮ್ಮದನ ಮಗಳು ಬದರುನ್ನೀಸಾಳನ್ನು ಎದ್ದು ನಿಲ್ಲಿಸಿ, ಶೆಲ್ಫಿನ ಮೇಲಿದ್ದ ಗಡಿಯಾರ ತೋರಿಸಿ, "ಟೇಕ್ ದ ಕ್ಲಾಕ್," ಅಂದ. ಕೈಸನ್ನೆ ಮಾಡಿ ತೋರಿಸಿದ. ಆ ಹುಡುಗಿ ಗಡಿಯಾರ ತೆಗೆದುಕೊಂಡು ಎದೆಗವಚಿ, "ಕ್ಲಾಕ್," ಅಂದಳು.

ನಾಗಲಿಂಗಪ್ಪನಿಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಮಕ್ಕಳಿಗೂ ಖುಷಿ. ಗಂಗಾದೇವಿ ಮುಟ್ಟಿ ವಾಪಸ್ ಕೊಡಿ ಅಂದದ್ದನ್ನೆಲ್ಲ ಇವನು ತೆಗೆದುಕೊಳ್ಳಿ ಅನ್ನುತ್ತಿದ್ದಾನೆ. "ನಂಗೆ ಅಂಕಲ್, ನಂಗೆ" ಎಂದು ಕೈ ಎತ್ತಿದವು. ಟೇಕ್ ದ ಸ್ಲೇಟ್. ಟೇಕ್ ದ ಡಸ್ಟರ್. ಟೇಕ್ ದ ಸ್ಕೇಲ್. ಗೋಡೆಯ ಮೇಲಿನ ಇಂಡಿಯಾ ಮ್ಯಾಪು, ಕಸದ ಬುಟ್ಟಿ, ಸ್ಟೂಲು, ಮೂಲೆಯ ಛತ್ರಿ, ಸಣ್ಣ ಟೇಬಲ್ಲು. ಕಪ್ಪುಹಲಗೆಯನ್ನು ಅಣ್ಣ ತಮ್ಮ ಇಬ್ಬರು ಹುಡುಗರು ಸೇರಿ ಇಳಿಸಿಕೊಂಡರು. ಚಾಪೆಯ ಸರದಿ ಬಂದಾಗ ಅದರ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತು ಸಹಕರಿಸಿದರು. ಕದಿರಪ್ಪನಿಗೆ, "ಟೇಕ್ ದ ಚೇರ್," ಅಂದ. ಹುಡುಗ ಬಾಯಿ ಬಿಡಲಿಲ್ಲ, ಆದರೆ ಎದ್ದು ಬಂದು ಮಡಚುವ ಕಬ್ಬಿಣದ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಂಡ. ಅಂದರೆ ಅರ್ಥವಾಗಿದೆ. ಮೂರು ತಿಂಗಳಲ್ಲಿ ಹೆಂಡತಿಯಿಂದ ಆಗದ್ದು ತನ್ನಿಂದ ಒಂದೂವರೆ ದಿನದಲ್ಲಿ ಆಯಿತು ಎಂದುಕೊಂಡ ನಾಗಲಿಂಗಪ್ಪ.

ಕೊನೆಗೆ ಉಳಿದದ್ದು ಹಿತ್ತಾಳೆಯ ಗಂಟೆ. ಶಾಲೆ ಬಿಡುವಾಗ ಗಂಗಾದೇವಿ ಬಾರಿಸುತ್ತಿದ್ದ ಗಂಟೆ ಅದು, ಯಾವ ಮಗುವಿಗೂ ಮುಟ್ಟಲು ಕೊಡುತ್ತಿರಲಿಲ್ಲ. ಅದನ್ನು ಚಂದ್ರವ್ವನಿಗೆ ಕೊಟ್ಟ. ಅವಳು ನಾಗಲಿಂಗಪ್ಪನ ಕಾರ್ಖಾನೆಯಲ್ಲೇ ಲೇತ್ ನಡೆಸುವ ವೀರಬಸಪ್ಪನ ಮಗಳು, ಎರಡು ಜಡೆಯ ಚೂಟಿ ಹುಡುಗಿ.

"ಟೇಕ್ ದ ಬೆಲ್," ಅಂದ.

ಅಷ್ಟರಲ್ಲಿ ಅಡುಗೆಮನೆಯಿಂದ ಹಾಲು ಸೀದ ವಾಸನೆ ಬಂತು. ಒಲೆಯ ಮೇಲೆ ಹಾಲಿಟ್ಟದ್ದು ಅವನಿಗೆ ಮರೆತೇ ಹೋಗಿತ್ತು. ಒಳಗೆ ಓಡಿದ. ಉಕ್ಕಿದ ಹಾಲು ಸ್ಟವ್ವಿನ ಮೇಲೆ, ಕಟ್ಟೆಯ ಮೇಲೆ, ನೆಲದ ಮೇಲೆ ಹರಿದಿತ್ತು. ಬಟ್ಟೆ ಹುಡುಕಿ ಒರೆಸುತ್ತಿದ್ದಾಗ ಹೊರಗೆ ಢಣಢಣ ಗಂಟೆ ಬಾರಿಸಿದ ಸದ್ದು ಕೇಳಿತು. ಅದರ ಹಿಂದೆಯೇ ಹದಿನೆಂಟು ಜೊತೆ ಕಾಲುಗಳ ಸದ್ದು. ಚಂದ್ರವ್ವನ ಕೈಗೆ ಗಂಟೆ ಬಂದ ಮೇಲೆ ಅದನ್ನು ಬಾರಿಸದೆ ಅವಳು ಇನ್ನೇನು ಮಾಡಿಯಾಳು? ಗಂಟೆ ಬಾರಿಸಿದ ಮೇಲೆ ಮಕ್ಕಳು ಮನೆಗೆ ಹೋಗದೆ ಇನ್ನೇನು ಮಾಡಿಯಾವು?

ಕೈಯಲ್ಲಿ ಹಾಲಿನ ಬಟ್ಟೆ ಹಿಡಿದು ನಾಗಲಿಂಗಪ್ಪ ಹೊರಗೆ ಬಂದು ನೋಡಿದರೆ ಕೋಣೆಯಲ್ಲಿ ನಾಲ್ಕು ಗೋಡೆ ಬಿಟ್ಟು ಮತ್ತೇನೂ ಇರಲಿಲ್ಲ. ಬಾಡಿಗೆದಾರರು ಬೆಳಗಿನ ಜಾವ ಮನೆ ಖಾಲಿ ಮಾಡಿಕೊಂಡು ಹೋದಂತಿತ್ತು. ಮ್ಯಾಪಿನ ಮೊಳೆ ಮಾತ್ರ ಗೋಡೆಯಲ್ಲಿತ್ತು. ಮೊಳೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ಅವನು ಹೇಳಿಕೊಟ್ಟಿರಲಿಲ್ಲ, ಅದಕ್ಕೇ ಉಳಿದಿತ್ತು.

ಸಂಜೆ ಅವನು ವಸೂಲಿಗೆ ಹೊರಟ. ಮೊದಲು ಹೋದದ್ದು ಮೊಹಮ್ಮದನ ಸೈಕಲ್ ಅಂಗಡಿಗೆ. ಟ್ಯೂಬುಗಳ ಮಧ್ಯೆ, ಎಲ್ಲರಿಗೂ ಕಾಣುವಂತೆ, ಅವನ ಗಡಿಯಾರ ಕೂತಿತ್ತು. ಅದಕ್ಕೊಂದು ಸೇವಂತಿಗೆ ಹೂವಿನ ಹಾರ ಬೇರೆ.

"ಬನ್ನಿ ಸಾರ್, ಬನ್ನಿ," ಎಂದು ಮೊಹಮ್ಮದ್ ಗ್ರೀಸಿನ ಕೈ ಒರೆಸಿಕೊಂಡು ಎದ್ದ. "ನಮ್ಮ ಖಾಂದಾನಲ್ಲೇ ಯಾರಿಗೂ ಇಸ್ಕೂಲಲ್ಲಿ ಪ್ರೈಜ್ ಬಂದಿಲ್ಲ. ನನಗೆ ಇಸ್ಕೂಲಿಂದ ಸಿಕ್ಕಿದ್ದು ಏಟು ಒಂದೇ. ನನ್ನ ಮಗಳು ಗಡಿಯಾರ ತಂದಿದಾಳೆ. ಮಧ್ಯಾಹ್ನದಿಂದ ಬಂದೋರಿಗೆಲ್ಲಾ ತೋರಿಸ್ತಾ ಇದೀನಿ."

ನಾಗಲಿಂಗಪ್ಪ ಹಾರದ ಕಡೆ ನೋಡಿದ. "ಅದು... ಅಂದ್ರ, ಅದರ ವಿಷಯನ ಮಾತಾಡೋಣಂತ ಬಂದೆ."

"ಕೀಲಿ ಕೊಡೋದು ಹೆಂಗೆ ಅಂತ ತಾನೆ? ನಂಗೊತ್ತು ಸಾರ್. ನೀವು ಚಾ ಕುಡೀರಿ."

ಅವನು ಚಾ ಕುಡಿದ. ಅಂಗಡಿಯ ಬಾಗಿಲಲ್ಲಿ ಬದರುನ್ನೀಸಾ ನಿಂತು ಗಡಿಯಾರದ ಕಡೆಗೊಮ್ಮೆ ಅವನ ಕಡೆಗೊಮ್ಮೆ ನೋಡಿ ನಗುತ್ತಿದ್ದಳು. ವಾಪಸ್ ಕೊಡು ಎಂಬ ಮಾತು ಚಾ ಜೊತೆ ಹೊಟ್ಟೆಗೆ ಇಳಿದುಹೋಯಿತು.

ಅಲ್ಲಿಂದ ಪಿಳ್ಳಪ್ಪನ ಮನೆಗೆ ಬಂದರೆ ಜಗುಲಿಯ ಮೇಲೆ ಅವನ ಕಬ್ಬಿಣದ ಕುರ್ಚಿ ಬಿಚ್ಚಿಟ್ಟಿತ್ತು. ಅದರಲ್ಲಿ ಮುನಿವೆಂಕಟಮ್ಮ ರಾಣಿಯ ಹಾಗೆ ಕೂತಿದ್ದಳು. ಎಪ್ಪತ್ತು ವರ್ಷ ನೆಲದ ಮೇಲೆ, ಮಣೆಯ ಮೇಲೆ, ಒರಳಿನ ಪಕ್ಕ ಕೂತ ಮುದುಕಿ ಅವಳು. ಸುತ್ತ ನಾಲ್ಕು ಹೆಂಗಸರು ನೆಲದ ಮೇಲೆ ಕೂತು ಅವಳನ್ನೇ ನೋಡುತ್ತಿದ್ದರು.

"ಬಾ ಸಾಮಿ ಮೇಷ್ಟ್ರೆ. ನನ್ ಮೊಮ್ಮಗ ಎಳ್ಕಂಡ್ ಬಂದು, ಕುತ್ಕೋ ಅಂತ ತೋರ್ಸ್ದ. ಇದ್ರಾಗೆ ಕೂತ್ರೆ ಸೊಂಟ ನೋಯಾಕಿಲ್ಲ. ನನ್ ಮಗ ಇಷ್ಟೊಂದು ಸೈಟ್ ಮಾರ್ದ, ನಂಗೊಂದ್ ಕುರ್ಚಿ ತಂದ್ಕೊಡ್ಲಿಲ್ಲ. ನೀ ಕೊಟ್ಟೆ. ಕುತ್ಕೋ."

ಬೇರೆ ಕುರ್ಚಿ ಇರಲಿಲ್ಲ. ನಾಗಲಿಂಗಪ್ಪ ಐದನೆಯವನಾಗಿ ನೆಲದ ಮೇಲೆ ಕೂತ. ಮೂರನೆಯ ಮನೆಗೆ ಹೋಗುವ ಧೈರ್ಯ ಉಳಿಯಲಿಲ್ಲ.

ಬುಧವಾರ ಮಕ್ಕಳು ಬಂದಾಗ ಹಾಸಲು ಚಾಪೆಯಿಲ್ಲ, ಬರೆಯಲು ಹಲಗೆಯಿಲ್ಲ. ಎಲ್ಲರೂ ಬರಿಗೈಲಿ ಬಂದು ತಣ್ಣನೆಯ ನೆಲದ ಮೇಲೆ ಕೂತು, ಇವತ್ತು ಏನು ಕೊಡುತ್ತಾನೆ ಎಂದು ಅವನ ಮುಖ ನೋಡಿದರು. ಇಂಥವಳು ಗಡಿಯಾರ ತಾ, ಇಂಥವನು ಕುರ್ಚಿ ತಾ ಎಂದು ಹೆಸರು ಹಿಡಿದು ಹೇಳಿಬಿಡಬಹುದಿತ್ತು. ಆದರೆ ಮೊಹಮ್ಮದನ ಹೂವಿನ ಹಾರ ಕಣ್ಣ ಮುಂದೆ ಬಂತು, ಮುದುಕಿಯ ಸೊಂಟ ನೆನಪಾಯಿತು. ಯಾರ ಮನಸ್ಸಿಗೂ ನೋವಾಗದ ಹಾಗೆ, ಯಾರನ್ನೂ ಎತ್ತಿ ಹೇಳದ ಹಾಗೆ, ಎಲ್ಲರಿಗೂ ಒಟ್ಟಿಗೇ ಹೇಳುವುದು ಮರ್ಯಾದೆ ಎಂದು ತೀರ್ಮಾನಿಸಿದ.

"ಮಕ್ಕಳ್ರಾ, ನಿನ್ನೆ ಟೇಕ್. ಇವತ್ತ ಬ್ರಿಂಗ್. ಬ್ರಿಂಗ್ ಅಂದ್ರ ತಗೊಂಡ್ ಬರೂದು. ನಾಳೆ ಬರೋವಾಗ ಎಲ್ಲಾರೂ, ಬ್ರಿಂಗ್ ದ ಚೇರ್."

"ಬ್ರಿಂಗ್ ದ ಚೇರ್," ಅಂದವು ಮಕ್ಕಳು.

"ಬ್ರಿಂಗ್ ದ ಕ್ಲಾಕ್. ಬ್ರಿಂಗ್ ದ ಬೆಲ್. ಬ್ರಿಂಗ್ ದ ಮ್ಯಾಪ್. ಬ್ರಿಂಗ್ ದ ಟೇಬಲ್. ಒಂದೂ ಮರೀಬಾರದು. ತರದೇ ಇದ್ದವರ ಹೆಸರು ಟೀಚರ್ ಬಂದ ಮ್ಯಾಲ ಅವರಿಗೆ ಹೇಳ್ತೀನಿ."

ಮಕ್ಕಳು ಇಡೀ ಬೆಳಿಗ್ಗೆ ಅದನ್ನೇ ಹೇಳಿದವು. ಅಷ್ಟು ಚೆನ್ನಾಗಿ ಯಾವ ಪಾಠವೂ ಅವಕ್ಕೆ ಬಾಯಿಗೆ ಬಂದಿರಲಿಲ್ಲ. ಟೀಚರ್ ಹೆಸರು ಕೇಳಿ ಕದಿರಪ್ಪನ ಕಣ್ಣು ಇನ್ನೂ ಅಗಲವಾದವು.

ಗುರುವಾರ ಎಂಟೂವರೆಗೆ ಮೊದಲ ಮಗು ಬಂತು. ಅದರ ಕೈಯಲ್ಲಿ ಒಂದು ಕುರ್ಚಿಯಿತ್ತು, ಆದರೆ ನಾಗಲಿಂಗಪ್ಪನ ಕುರ್ಚಿಯಲ್ಲ. ಎರಡನೆಯದರ ಹಿಂದೆ ಅದರ ಅಮ್ಮ ಒಂದು ಸ್ಟೂಲು ಹೊತ್ತು ತಂದಳು. "ಕುರ್ಚಿ ಇಲ್ಲ ಸಾರ್ ನಮ್ಮನೇಲಿ, ಇದು ಆಗತ್ತಾ?" ಎಂದು ಸಂಕೋಚದಿಂದ ಕೇಳಿದಳು. ಮೂರನೆಯದು ಮಣೆ ತಂತು. ನಾಲ್ಕನೆಯದು ಕುರ್ಚಿಗೂ ಟೇಬಲ್ಲಿಗೂ ಒಂದೇ ಆಗಲಿ ಎಂದು ಅಣ್ಣನ ಕೈಲಿ ಸಣ್ಣ ಮಂಚ ಹೊರಿಸಿಕೊಂಡು ಬಂತು. ಎಲ್ಲರಿಗೂ ಒಟ್ಟಿಗೇ ಹೇಳಿದ್ದನ್ನು ಪ್ರತಿಯೊಬ್ಬರೂ ತಮಗೇ ಹೇಳಿದ್ದು ಎಂದು ತಿಳಿದು, ಮನೆಯಲ್ಲಿ ಅತ್ತು ಕರೆದು ರಂಪ ಮಾಡಿ, ಎಲ್ಲವನ್ನೂ ತಂದಿದ್ದರು. ಬದರುನ್ನೀಸಾ ಹಾರದ ಸಮೇತ ಗಡಿಯಾರ ತಂದಳು. ಬೆಲ್ಲೂ ಬೇಕಲ್ಲ ಎಂದು ಅಪ್ಪನ ಅಂಗಡಿಯಲ್ಲಿ ರಿಪೇರಿಗೆ ನಿಂತಿದ್ದ ಸೈಕಲ್ಲುಗಳಿಂದ ಬಿಚ್ಚಿದ ಹನ್ನೊಂದು ಬೆಲ್ಲು ಲಂಗದ ಮಡಿಲಲ್ಲಿ ತುಂಬಿಕೊಂಡಿದ್ದಳು. ಚಂದ್ರವ್ವ ಹಿತ್ತಾಳೆಯ ಗಂಟೆಯ ಜೊತೆಗೆ ಅಪ್ಪನ ಅಲಾರಂ ಟೈಂಪೀಸೂ ತಂದಳು. ಅದನ್ನು ರಾತ್ರಿಯೇ ಚೀಲದಲ್ಲಿ ಬಚ್ಚಿಟ್ಟಿದ್ದಳಂತೆ. ಅವಳ ಹಿಂದೆಯೇ ವೀರಬಸಪ್ಪ ಕಣ್ಣುಜ್ಜುತ್ತ, ಬನಿಯನ್ ಮೇಲೆ ಬಂದ.

"ಅಣ್ಣಾ ನಾಗಲಿಂಗಪ್ಪಾ, ಹನ್ನೆರಡು ವರ್ಷದಾಗ ನಾ ಒಂದು ದಿನ ಫಸ್ಟ್ ಶಿಫ್ಟ್ ತಪ್ಪಿಸಿಲ್ಲ. ಇವತ್ತ ಅಲಾರಂ ಇಲ್ಲದ ಎದ್ದೇನಿ, ಎಂಟಕ್ಕ. ನಿಮ್ಮ ಸಾಲ್ಯಾಗ ಏನ್ ನಡದೈತಿ?"

ಉತ್ತರ ಹೇಳುವ ಮೊದಲೇ ಬೀದಿಯಲ್ಲಿ ಇನ್ನೊಂದು ಮೆರವಣಿಗೆ ಕಾಣಿಸಿತು. ಮುಂದೆ ಕದಿರಪ್ಪ. ಒಂದು ಕೈಯಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ, ಇನ್ನೊಂದು ಕೈಯಲ್ಲಿ ಹಗ್ಗ. ಅವನಿಗೆ ಗೊತ್ತಿದ್ದ ಗಂಟೆ ಕರುವಿನ ಕೊರಳಲ್ಲಿತ್ತು, ಬಿಚ್ಚಲು ಬರಲಿಲ್ಲ, ಆದ್ದರಿಂದ ಕರುವನ್ನೇ ತಂದಿದ್ದ. ಕರುವಿನ ಹಿಂದೆ ಅಂಬಾ ಎನ್ನುತ್ತ ಅದರ ತಾಯಿ. ಹಸುವಿನ ಹಿಂದೆ ಕಬ್ಬಿಣದ ಕುರ್ಚಿ ಹೊತ್ತ ಆಳು. ಕುರ್ಚಿಯ ಹಿಂದೆ, ಅದರ ಕಾಲು ಹಿಡಿದುಕೊಂಡು, ಮುನಿವೆಂಕಟಮ್ಮ.

"ಕುರ್ಚಿ ಎಲ್ಲಿ ಓಯ್ತದೋ ನಾನೂ ಅಲ್ಲಿಗೇ," ಎಂದವಳೇ ಕುರ್ಚಿಯನ್ನು ಕೋಣೆಯ ಬಾಗಿಲಲ್ಲೇ ಹಾಕಿಸಿಕೊಂಡು ಕೂತುಬಿಟ್ಟಳು. ಈಗ ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಮನೆಯ ಮುಂದೆ ಒಂಬತ್ತು ಕುರ್ಚಿ, ಆರು ಸ್ಟೂಲು, ನಾಲ್ಕು ಟೇಬಲ್ಲು, ಏಳು ಗಡಿಯಾರ, ಒಂದು ಹಸು, ಒಂದು ಕರು ಮತ್ತು ಇಪ್ಪತ್ತು ಮೂವತ್ತು ಜನ ಸೇರಿದ್ದರು. ಏಳು ಗಡಿಯಾರಗಳೂ ಬೇರೆ ಬೇರೆ ಹೊತ್ತಿಗೆ ಒಂಬತ್ತು ಹೊಡೆದವು. ತಮ್ಮ ಸೈಕಲ್ಲಿನ ಬೆಲ್ಲು ಹುಡುಕಿಕೊಂಡು ಬಂದ ಕಾಲೇಜು ಹುಡುಗರು ಒಂದೊಂದೇ ಬೆಲ್ಲನ್ನು ಬಾರಿಸಿ ನೋಡುತ್ತಿದ್ದರು. "ಇದು ನಂದಲ್ಲ ಗುರು, ನಂದು ಸ್ವಲ್ಪ ಗೊಗ್ಗರು," ಎಂದು ಒಬ್ಬ ಹೇಳುತ್ತಿದ್ದ. ನಾಗಲಿಂಗಪ್ಪ ಒಂದು ಮಣೆಯ ಮೇಲೆ ಹತ್ತಿ ನಿಂತು, "ದಯವಿಟ್ಟು ಎಲ್ಲಾರೂ ತಮ್ಮ ತಮ್ಮ ಸಾಮಾನು," ಎಂದು ಶುರು ಮಾಡಿದ. ಮಕ್ಕಳು ಒಕ್ಕೊರಲಿನಿಂದ, "ದಯವಿಟ್ಟು ಎಲ್ಲಾರೂ ತಮ್ಮ ತಮ್ಮ ಸಾಮಾನು," ಅಂದವು. ಮುಂದಿನ ಮಾತು ಯಾರಿಗೂ ಕೇಳಲಿಲ್ಲ.

ಆಗ ಪಿಳ್ಳಪ್ಪ ಬಂದ. ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿಕೊಂಡು, ಮುಖ ಕೆಂಪು ಮಾಡಿಕೊಂಡು, ಜನರನ್ನು ಸರಿಸುತ್ತ ಬಂದ.

"ನನ್ ಲೇಔಟ್ ನಕ್ಸೆ ಎಲ್ಲಿ? ಮನೇಲಿ ಚಿಕ್ಕಮುನಿಯಪ್ಪ ಕಾಯ್ತಾ ಕುಂತವ್ನೆ. ಬೀರು ತಗ್ದು ನೋಡಿದ್ರೆ ನಕ್ಸೇನೇ ಇಲ್ಲ. ಯಾವನ್ ತಂದ?"

ನಾಗಲಿಂಗಪ್ಪನ ಕಣ್ಣು ಕದಿರಪ್ಪನ ಕೈಯಲ್ಲಿದ್ದ ಸುರುಳಿಯ ಮೇಲೆ ಬಿತ್ತು. ಬ್ರಿಂಗ್ ದ ಮ್ಯಾಪ್ ಎಂದವನು ತಾನೇ. ಮಕ್ಕಳ ಮನೆಗಳಲ್ಲಿ ಸ್ವಂತ ಮ್ಯಾಪು ಇದ್ದದ್ದು ಇದೊಂದೇ ಮನೆಯಲ್ಲಿ. ಶೆಡ್ಡು ಹೋಯಿತು, ಬಹುಶಃ ಬಾಡಿಗೆ ಮನೆಯೂ ಹೋಯಿತು. ಅದೇ ಹೊತ್ತಿಗೆ ಬೀದಿಯ ತಿರುವಿನಲ್ಲಿ ಜಟಕಾ ನಿಂತ ಸದ್ದಾಯಿತು. ಕೈಯಲ್ಲಿ ಟ್ರಂಕು, ಬಗಲಲ್ಲಿ ರೊಟ್ಟಿಯ ಗಂಟು ಹಿಡಿದು ಗಂಗಾದೇವಿ ಇಳಿದಳು. ಮನೆಯ ಮುಂದಿನ ಸಂತೆಯನ್ನು ನೋಡಿ, ಟ್ರಂಕನ್ನು ನಿಧಾನವಾಗಿ ನೆಲಕ್ಕಿಟ್ಟಳು.

"ಇದೇನ್ರೀ ಇದು?"

"ಗಂಗಾ, ನಾ ಅಂದ್ರ," ಎಂದ ನಾಗಲಿಂಗಪ್ಪ. "ಇಶ್ಯೂ ಸರಿಯಾಗೇ ಆತು. ರಿಸೀಟಿನಾಗ ಸ್ವಲ್ಪ ಹೆಚ್ಚು ಬಂದೈತಿ."

ಆಕೆ ಏನೋ ಹೇಳಲು ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಕರು ಒಂದು ಕೆಲಸ ಮಾಡಿತ್ತು. ಇಷ್ಟು ಹೊತ್ತು ಹಸಿದು ನಿಂತಿದ್ದ ಅದು ಕತ್ತು ಚಾಚಿ, ಕದಿರಪ್ಪನ ಕೈಯಲ್ಲಿದ್ದ ಕಾಗದದ ಸುರುಳಿಯ ಒಂದು ತುದಿಯನ್ನು ಬಾಯಿಗೆ ಹಾಕಿಕೊಂಡು ಆನಂದವಾಗಿ ಮೆಲ್ಲುತ್ತಿತ್ತು. ಹುಡುಗ ಎಳೆದ. ಕರುವೂ ಎಳೆಯಿತು. ಹುಡುಗ ಸುತ್ತ ನೋಡಿದ, ಅಪ್ಪ ಕಂಡ, ಅಜ್ಜಿ ಕಂಡಳು, ಕೊನೆಗೆ ಜಟಕಾದ ಪಕ್ಕ ನಿಂತಿದ್ದ ಗಂಗಾದೇವಿ ಕಂಡಳು.

"ಟೀಚರ್," ಎಂದು ಕೂಗಿದ. "ಟೀಚರ್, ಮ್ಯಾಪ್! ಮ್ಯಾಪ್!"

ಕಾಲೇಜು ಹುಡುಗರು ಬೆಲ್ಲು ಬಾರಿಸುವುದನ್ನು ನಿಲ್ಲಿಸಿದರು. ಕೋಪದಲ್ಲಿ ಕೈ ಎತ್ತಿದ್ದ ಪಿಳ್ಳಪ್ಪ ಆ ಕೈಯನ್ನು ಅಲ್ಲೇ ಬಿಟ್ಟು ಮಗನನ್ನು ನೋಡಿದ.

ಗಂಗಾದೇವಿ ಓಡಲಿಲ್ಲ. ನಡೆದು ಬಂದಳು. ಕರುವಿನ ಬಾಯಿಯ ಪಕ್ಕಕ್ಕೆ ಬೆರಳು ಹಾಕಿ ಕಾಗದ ಬಿಡಿಸಿದಳು. ಅದನ್ನು ಪಿಳ್ಳಪ್ಪನ ಕೈಗೆ ಕೊಡದೆ, ಕದಿರಪ್ಪನ ಮುಂದೆ ಕೂತು, ದಿನಾ ತರಗತಿಯಲ್ಲಿ ಮಾತಾಡುವ ಹಾಗೆಯೇ ಕೇಳಿದಳು.

"ಹೌದಲ್ಲ. ಇದು ಮ್ಯಾಪ್. ಮತ್ತ ಕರುವಿನ ಕೊಳ್ಳಾಗ ಏನೈತಿ, ಕದಿರಾ?"

"ಬೆಲ್."

"ಅಜ್ಜಿ ಎದರ ಮ್ಯಾಲ ಕೂತಾರ?"

"ಚೇರ್."

ಪಿಳ್ಳಪ್ಪನ ಬೆರಳುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಗಂಗಾದೇವಿ ವೀರಬಸಪ್ಪನ ಕಂಕುಳಲ್ಲಿದ್ದ ಟೈಂಪೀಸು ತೋರಿಸಿದಳು. "ಕ್ಲಾಕ್," ಅಂದ ಹುಡುಗ. ನಾಲ್ಕಾಯಿತು. ಐದನೆಯದಕ್ಕೆ ಆಕೆ ಏನನ್ನೂ ತೋರಿಸಲಿಲ್ಲ, ಸುಮ್ಮನೆ ಕಾದಳು. ಕದಿರಪ್ಪ ರಾಶಿಯ ಹತ್ತಿರ ಹೋಗಿ, ಕೈ ಹಾಕಿ, ಸೀಮೆಸುಣ್ಣದ ಧೂಳು ತುಂಬಿದ ಡಸ್ಟರನ್ನು ಎತ್ತಿ ಅಪ್ಪನ ಮುಂದೆ ಹಿಡಿದ.

"ದಿಸ್ ಈಸ್ ಎ ಡಸ್ಟರ್," ಎಂದ. ಯಾರೂ ಕೇಳಿರಲಿಲ್ಲ.

ಮುನಿವೆಂಕಟಮ್ಮ ಕುರ್ಚಿಯಲ್ಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುಮ್ಮ ಕುಂದರ್ರಿ ಅಂತ ಒಂದಪ ಏಳ್ಬುಡು ಮಗಾ, ಅದೂ ಬತ್ತದೆ ನಿಂಗೆ," ಅಂದಳು.

ಪಿಳ್ಳಪ್ಪ ಗಂಗಾದೇವಿಯ ಕೈಯಿಂದ ಕಾಗದ ತೆಗೆದುಕೊಂಡ. ನಕ್ಷೆ ಬಿಚ್ಚಿ ನೋಡಿದ. ಒಂದು ಮೂಲೆ ಇರಲಿಲ್ಲ. ಬೆರಳಿಟ್ಟು ರಸ್ತೆ ಲೆಕ್ಕ ಹಾಕಿಕೊಂಡು ಬಂದು, ಹಲ್ಲಿನ ಗುರುತಿನ ಹತ್ತಿರ ನಿಲ್ಲಿಸಿದ.

"ಗಿರಣಿ ಇಡೋ ಜಾಗಾನೇ ತಿಂದದೆ ನೋಡಮ್ಮಣ್ಣಿ," ಅಂದ. ಅವನ ಮೀಸೆಯ ತುದಿ ನಗುತ್ತಿತ್ತು. "ಓಗ್ಲಿ. ಇನ್ನೊಂದ್ ಕಾಪಿ ತಾಲ್ಲೂಕಾಪೀಸ್ನಾಗೆ ಐತೆ. ಚಿಕ್ಕಮುನಿಯಪ್ಪನ್ಗೆ ಬೇರೆ ಜಾಗ ತೋರುಸ್ತೀನಿ. ಶೆಡ್ಡು ನಿಂದು. ಆದ್ರೆ ಒಂದ್ ಕರಾರು."

"ಏನ್ರಿ?"

"ಈ ಮೇಷ್ಟ್ರು ಮಾತ್ರ ಅದ್ರೊಳಕ್ಕೆ ಕಾಲಿಡ್ಬಾರ್ದು."

"ಅದನ್ನ ನೀವು ಹೇಳಬೇಕಾಗಿರಲಿಲ್ಲ," ಅಂದಳು ಗಂಗಾದೇವಿ.

ಸಾಮಾನು ಬಿಡಿಸುವುದಕ್ಕೆ ಆಕೆ ಯಾರನ್ನೂ ಗದರಲಿಲ್ಲ. ಪ್ರತಿ ಮಗುವೂ ತನ್ನ ಮನೆಯ ವಸ್ತುವಿನ ಪಕ್ಕ ಹೋಗಿ ನಿಂತು, ಅದರ ಹೆಸರು ಹೇಳಿ, ಅಪ್ಪನಿಗೋ ಅಮ್ಮನಿಗೋ ಕೊಡಬೇಕು ಎಂದಳು, ಅಷ್ಟೆ. ಮುಕ್ಕಾಲು ಗಂಟೆಯಲ್ಲಿ ಬೀದಿ ಖಾಲಿಯಾಯಿತು. ಗಡಿಯಾರವನ್ನು ಮೊಹಮ್ಮದನಿಗೇ ಬಿಟ್ಟಳು. ಮಗಳು ನಿಜವಾಗಿಯೂ ಚೆನ್ನಾಗಿ ಕಲಿಯುತ್ತಾಳೆ, ಪ್ರೈಜು ಅಂದುಕೊಳ್ಳಿ ಎಂದಳು. ಕುರ್ಚಿಯನ್ನು ಮುನಿವೆಂಕಟಮ್ಮನಿಂದ ಕೇಳುವ ಯೋಚನೆಯನ್ನು ಯಾರೂ ಮಾಡಲಿಲ್ಲ. ಸಂಜೆ ಪಿಳ್ಳಪ್ಪ ಅದರ ಬದಲಿಗೆ ಒಂದು ಬೆಂಚು ಕಳಿಸಿದ. ನಾಗಲಿಂಗಪ್ಪ ಹೆಂಡತಿ ಬೈಯಲಿ ಎಂದು ಇಡೀ ದಿನ ಕಾದ. ಅವಳು ಬೈಯಲಿಲ್ಲ. ಊರಿಂದ ತಂದ ಕರದಂಟು ಕೊಟ್ಟು, ಮಗುವಿಗೆ ಏನು ಹೆಸರಿಟ್ಟರು ಎಂದು ಹೇಳಿದಳು. ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು.

ಶುಕ್ರವಾರ ಕಾರ್ಖಾನೆಗೆ ವಾರದ ರಜೆ. ಗಂಗಾದೇವಿ ಶೆಡ್ಡು ಗುಡಿಸಿ, ಮಕ್ಕಳನ್ನು ಅಲ್ಲೇ ಕೂರಿಸಿಕೊಂಡು ಪಾಠ ಶುರು ಮಾಡಿದಳು. ಒಳಗಿನಿಂದ ಸ್ಲೇಟಿನ ಹಾಡು ಕೇಳುತ್ತಿತ್ತು. ನಾಗಲಿಂಗಪ್ಪನಿಗೆ ಅಡುಗೆಮನೆಯ ಉಸ್ತುವಾರಿ. ಉಪ್ಪಿಟ್ಟಿಗೆ ರವೆ ಹುರಿಯುತ್ತ, ಒಂದು ಕಣ್ಣು ಹಾಲಿನ ಮೇಲಿಟ್ಟು ನಿಂತಿದ್ದ. ಹಿತ್ತಲ ಬಾಗಿಲಲ್ಲಿ ಚಂದ್ರವ್ವ ಬಂದು ನಿಂತಳು. ಹಾಡಿ ಹಾಡಿ ಬಾಯಾರಿಕೆಯಾಗಿತ್ತು, ಅವಳ ಕಣ್ಣು ಅವನ ಪಕ್ಕದಲ್ಲಿದ್ದ ನೀರಿನ ಕೊಡದ ಮೇಲಿತ್ತು.

ಅವನಿಗೆ ಒಂದು ಅವಕಾಶ ಸಿಕ್ಕಂತಾಯಿತು. ಲೋಟ ತುಂಬಿಸಿ, ಕೊಡುವ ಮೊದಲು ಅವಳ ಮುಖದ ಮುಂದೆ ಎತ್ತಿ ಹಿಡಿದ.

"ವಾಟ್ ಈಸ್ ದಿಸ್?"

ಹುಡುಗಿ ಲೋಟ ನೋಡಿದಳು, ಅವನನ್ನು ನೋಡಿದಳು, ಶೆಡ್ಡಿನ ಕಡೆಗೊಮ್ಮೆ ತಿರುಗಿ ನೋಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು.

"ನೀರ್ ಕೊಡಿ ಅಂಕಲ್. ನಿಮ್ ಜೊತೆ ಇಂಗ್ಲಿಷ್ ಮಾತಾಡ್ಬೇಡಿ ಅಂತ ಟೀಚರ್ ಹೇಳಿದಾರೆ."